ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ) ರೇಸ್ ಕಾರು ತಿರುವಿನಲ್ಲಿ ಮಾತು ಕೇಳುತ್ತಿಲ್ಲವೇ? ದೋಷ ಹುಡುಕುವುದು ಹೀಗೆ

"ಕಾರು ಸರಿಯಾಗಿ ತಿರುಗುತ್ತಿಲ್ಲ" ಅಂತ ಇಷ್ಟೇ ಹೇಳಿದರೆ ಯಾರಿಗೂ ಏನೂ ಹೇಳೋಕಾಗಲ್ಲ. ಎಲ್ಲಿ ತಿರುಗುತ್ತಿಲ್ಲ? ತಿರುವಿಗೆ ನುಗ್ಗುವಾಗಲೋ, ನಡುವೆಯೋ, ಹೊರಬರುತ್ತಾ ಥ್ರಾಟಲ್ ಎಳೆದಾಗಲೋ? ಎಡಕ್ಕೂ ಬಲಕ್ಕೂ ಒಂದೇ ಥರವೋ, ಒಂದೇ ಕಡೆಗೋ? ಮೊದಲ ಲ್ಯಾಪ್‌ನಿಂದಲೇ ಹೀಗೋ, ಎರಡು ಮೂರು ನಿಮಿಷ ಓಡಿದ ಮೇಲೋ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಟೂಲ್ ಬಾಕ್ಸ್ ಮುಚ್ಚಿಯೇ ಇರಲಿ.

ಉತ್ತರ ಹುಡುಕುವುದಕ್ಕೆ ಒಂದು ಸುಲಭ ದಾರಿ ಇದೆ. ಕಾರನ್ನು ಬೇರೆಯವರ ಕೈಗೆ ಕೊಟ್ಟು ನೀವು ತಿರುವಿನ ಪಕ್ಕ ನಿಂತು ನೋಡಿ. ಇಲ್ಲವೇ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಸಿ. ಡ್ರೈವರ್ ಸ್ಟ್ಯಾಂಡ್ ಮೇಲಿಂದ ಕಾಣದ ಎಷ್ಟೋ ಸಂಗತಿ ಅಲ್ಲಿ ಕಾಣುತ್ತವೆ. ಒಳಗಿನ ಚಕ್ರ ನೆಲ ಬಿಟ್ಟು ಮೇಲೇಳುತ್ತಿರಬಹುದು. ಮುಂದಿನ ಟೈರ್ ಪೂರ್ತಿ ತಿರುಗಿಕೊಂಡು ಸುಮ್ನೆ ಉಜ್ಜುತ್ತಿರಬಹುದು. ಹಿಂದಿನ ಭಾಗ ಒಮ್ಮೆಲೇ ಕಿತ್ತುಕೊಂಡು ಹೋಗುತ್ತಿದೆಯೋ, ಮೆಲ್ಲಗೆ ಜಾರುತ್ತಿದೆಯೋ, ಅದೂ ಗೊತ್ತಾಗುತ್ತದೆ. ಮೆಲ್ಲಗೆ ಜಾರುವುದು ಹೆಚ್ಚಾಗಿ ಸೆಟಪ್, ಅಂದರೆ ಸ್ಪ್ರಿಂಗ್, ಎಣ್ಣೆ, ಚಕ್ರದ ಕೋನಗಳ ಹೊಂದಾಣಿಕೆಯ ತೊಂದರೆ. ಒಮ್ಮೆಲೇ ಕಿತ್ತುಕೊಳ್ಳುವುದಾದರೆ ಏನೋ ಮುರಿದಿದೆ, ಸಡಿಲವಾಗಿದೆ ಅಥವಾ ಷಾಸಿ (ಕಾರಿನ ತಳದ ಹಲಗೆ) ನೆಲಕ್ಕೆ ತಾಗುತ್ತಿದೆ ಅಂತ ನಾನು ಮೊದಲು ಅನುಮಾನಿಸುತ್ತೇನೆ.

ಮುಂದಿನ ಟೈರ್‌ಗಳು ಮೊದಲು ಹಿಡಿತ ಬಿಟ್ಟು ಕಾರು ಅಗಲವಾಗಿ ಹೋದರೆ ಅದು ಪುಶ್, ಅಂದರೆ ಅಂಡರ್‌ಸ್ಟಿಯರ್. ಹಿಂದಿನವು ಮೊದಲು ಬಿಟ್ಟರೆ ಲೂಸ್, ಅಂದರೆ ಓವರ್‌ಸ್ಟಿಯರ್. ಇದು ಎಲ್ಲರಿಗೂ ಗೊತ್ತು. ಹಲವರು ಮರೆಯುವ ವಿಷಯ ಬೇರೆ: ಒಂದೇ ಕಾರು ಒಂದೇ ತಿರುವಿನಲ್ಲಿ ಎರಡೂ ಮಾಡಬಹುದು. ಒಳಗೆ ಹೋಗುವಾಗ ಲೂಸ್, ಹೊರಬರುವಾಗ ಪುಶ್. ಥ್ರಾಟಲ್ ಬಿಟ್ಟಾಗ ಭಾರ ಮುಂದಕ್ಕೆ ಬರುತ್ತದೆ, ಒತ್ತಿದಾಗ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ತಿರುವಿನ ಮೂರೂ ಹಂತಗಳಲ್ಲಿ ಟೈರ್‌ಗಳ ಮೇಲಿನ ಒತ್ತಡ ಬೇರೆ ಬೇರೆ. ಇದನ್ನು ಗಮನಿಸದೆ "ಲೂಸ್ ಇದೆ" ಅಂತ ಹಿಂದಿನ ಸ್ಪ್ರಿಂಗ್ ಬದಲಿಸಿದರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ.

ಮೊದಲು ಕಾರು ನೆಟ್ಟಗಿದೆಯೇ ನೋಡಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸೆಟಪ್ ಸಮಸ್ಯೆ ಅಂತ ಬರುವ ದೂರುಗಳಲ್ಲಿ ಬಹಳಷ್ಟು ಸೆಟಪ್ ಸಮಸ್ಯೆಯೇ ಅಲ್ಲ. ನಿನ್ನೆ ಚೆನ್ನಾಗಿ ಓಡಿದ ಕಾರು ಇವತ್ತು ಅದೇ ಟ್ರ್ಯಾಕ್‌ನಲ್ಲಿ, ಅದೇ ಟೈರ್‌ನಲ್ಲಿ ಕೆಟ್ಟಿದೆ ಅಂದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ವಾಲುವ ಕೇಂದ್ರಬಿಂದು) ರಾತ್ರೋರಾತ್ರಿ ಬದಲಾಗಿರುವುದಿಲ್ಲ, ಅಲ್ವಾ? ಏನೋ ಬಗ್ಗಿದೆ ಅಥವಾ ಸೋರಿದೆ.

ಶಾಕ್‌ಗಳ ಕೆಳತುದಿ ಬಿಚ್ಚಿ ನಾಲ್ಕೂ ಸಸ್ಪೆನ್ಷನ್ ಆರ್ಮ್‌ಗಳನ್ನು ಒಂದೊಂದಾಗಿ ಎತ್ತಿ ಬಿಡಿ. ತನ್ನ ಭಾರಕ್ಕೇ ತಾನು ಕೆಳಗೆ ಬೀಳಬೇಕು. ನಡುವೆ ಎಲ್ಲಾದರೂ ನಿಂತರೆ ಹಿಂಜ್ ಪಿನ್ (ಆರ್ಮ್ ತಿರುಗುವ ಕಡ್ಡಿ) ಬಗ್ಗಿರಬಹುದು, ಧೂಳು ಸೇರಿರಬಹುದು, ಬಾಲ್ ಕಪ್ (ಲಿಂಕ್‌ನ ತುದಿಯಲ್ಲಿ ಗುಂಡು ಕೂರುವ ಬಟ್ಟಲು) ಬಿಗಿಯಾಗಿರಬಹುದು. ಪಿನ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಬಗ್ಗಿದ್ದು ಕೂಡಲೇ ತಿಳಿಯುತ್ತದೆ. ಬಗ್ಗಿದ ಪಿನ್ ತಟ್ಟಿ ನೆಟ್ಟಗೆ ಮಾಡಬೇಡಿ, ಬದಲಿಸಿ. ಆರ್ಮ್ ಬಿಗಿಯಾಗಿದ್ದರೆ ಚಕ್ರ ನೆಲದ ಏರಿಳಿತ ಹಿಂಬಾಲಿಸುವುದಿಲ್ಲ. ಆ ಮೂಲೆಯಲ್ಲಿ ಎಷ್ಟು ಮೆತ್ತನೆ ಸ್ಪ್ರಿಂಗ್ ಹಾಕಿದರೂ ಪ್ರಯೋಜನವಿಲ್ಲ.

ಶಾಕ್‌ಗಳನ್ನು ಜೋಡಿಯಾಗಿ ಕೈಯಲ್ಲಿ ಹಿಡಿಯಿರಿ. ಸ್ಪ್ರಿಂಗ್ ತೆಗೆದು ಎರಡನ್ನೂ ಒಟ್ಟಿಗೆ ಒತ್ತಿ ಬಿಡಿ. ಒಂದೇ ವೇಗದಲ್ಲಿ, ಒಂದೇ ಉದ್ದಕ್ಕೆ ಹಿಂದಿರುಗಬೇಕು. ಒಂದು ಚುರುಕಾಗಿ ಬಂದು ಇನ್ನೊಂದು ಅಲ್ಲೇ ಕೂತರೆ ಒಳಗೆ ಎಣ್ಣೆ ಹೆಚ್ಚುಕಡಿಮೆ ಆಗಿದೆ. ಚಪ್ ಚಪ್ ಸದ್ದು ಬಂದರೆ ಗಾಳಿ ಸೇರಿದೆ. ಪೂರ್ತಿ ಚಾಚಿದಾಗಿನ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಎಡಬಲಕ್ಕೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಇದ್ದರೂ ಡ್ರೂಪ್, ಅಂದರೆ ಚಕ್ರ ಕೆಳಕ್ಕೆ ಇಳಿಯಬಲ್ಲ ದೂರ, ಬೇರೆ ಆಗುತ್ತದೆ. ಶಾಕ್‌ನ ಮಟ್ಟಿಗೆ ಅದು ಸಣ್ಣ ಅಳತೆ, ಕಾರಿನ ಮಟ್ಟಿಗೆ ಅಲ್ಲ.

ಡಿಫರೆನ್ಶಿಯಲ್ (ಡಿಫ್), ಅಂದರೆ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ, ನೋಡುವುದು ಹೀಗೆ. ಸ್ಪರ್ ಗೇರ್ (ಮೋಟಾರ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಅಲುಗದಂತೆ ಹಿಡಿದು ಒಂದು ಚಕ್ರ ತಿರುಗಿಸಿ. ಎದುರಿನ ಚಕ್ರ ಅಷ್ಟೇ ವೇಗದಲ್ಲಿ ಉಲ್ಟಾ ತಿರುಗಬೇಕು. ಗರಗರ ಅಂದರೆ ಬಾಲ್ ಡಿಫ್‌ನ ರಿಂಗ್ ಅಥವಾ ಗುಂಡುಗಳು ಸವೆದಿವೆ. ಗೇರ್ ಡಿಫ್ ತೀರಾ ಸಲೀಸಾಗಿ ತಿರುಗಿದರೆ ಎಣ್ಣೆ ಸೋರಿದೆ. ಸೋರಿದ ಡಿಫ್ ಬಹಳ ಮೋಸಗಾರ. ಕಾರು ಓಡುತ್ತಲೇ ಇರುತ್ತದೆ, ನಡವಳಿಕೆ ಮಾತ್ರ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ, ನೀವು ಅದಕ್ಕೆ ತಕ್ಕ ಹಾಗೆ ಉಳಿದೆಲ್ಲವನ್ನೂ ಬದಲಿಸುತ್ತಾ ಹೋಗುತ್ತೀರಿ, ಕೊನೆಗೆ ಎಣ್ಣೆ ತುಂಬಿದ ದಿನ ಕಾರು ಯಾರದ್ದೋ ಅನ್ನಿಸುತ್ತದೆ.

ಸ್ಟಿಯರಿಂಗ್ ಕಡೆಗೆ ಬನ್ನಿ. ಕರೆಂಟ್ ಹಾಕಿ, ಮುಂದಿನ ಎರಡೂ ಚಕ್ರ ಮೆಲ್ಲಗೆ ಹಿಡಿದು, ಟ್ರಾನ್ಸ್‌ಮಿಟರ್‌ನಲ್ಲಿ ಸ್ಟಿಯರಿಂಗ್ ತಿರುಗಿಸಿ. ಸರ್ವೊ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರ್) ತಿರುಗಿ ಚಕ್ರ ತಿರುಗದಿದ್ದರೆ ಸರ್ವೊ ಸೇವರ್ (ಪೆಟ್ಟು ಬಿದ್ದಾಗ ಸರ್ವೊ ಕಾಯುವ ಸ್ಪ್ರಿಂಗ್ ಜೋಡಣೆ) ಮೆತ್ತಗಾಗಿದೆ. ಟ್ರ್ಯಾಕ್‌ನಲ್ಲಿ ಇದು ಪಕ್ಕಾ ಪುಶ್ ಥರವೇ ಕಾಣುತ್ತದೆ. ಮುಂದಿನ ಸ್ಪ್ರಿಂಗ್, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೈರ್ ಎಲ್ಲ ಬದಲಿಸಿದರೂ ಹೋಗುವುದಿಲ್ಲ. ಹಾಗೆಯೇ ಬಾಲ್ ಕಪ್, ಸ್ಟಿಯರಿಂಗ್ ರ‍್ಯಾಕ್‌ನ ಬುಶ್, ಸರ್ವೊ ಹಾರ್ನ್‌ನ (ಸರ್ವೊ ಮೇಲಿನ ಪುಟ್ಟ ತೋಳಿನ) ಸ್ಕ್ರೂಗಳಲ್ಲಿ ಆಟ ಎಷ್ಟಿದೆ ನೋಡಿ. ಚಕ್ರದ ಬೇರಿಂಗ್, ಹೆಕ್ಸ್, ನಟ್ ಒಂದು ಸುತ್ತು ನೋಡಿದರೆ ಸಾಕು.

ಒಂದು ಕಡೆಗೆ ಮಾತ್ರ ತೊಂದರೆ ಇದ್ದರೆ

ಬಲಕ್ಕೆ ಚೆನ್ನಾಗಿ ತಿರುಗಿ ಎಡಕ್ಕೆ ಪುಶ್ ಆಗುತ್ತಿದ್ದರೆ ಸ್ಪ್ರಿಂಗ್, ಎಣ್ಣೆ ಯಾವುದನ್ನೂ ಮುಟ್ಟಬೇಡಿ. ಎರಡು ಕಡೆಗೂ ಒಂದೇ ಸೆಟಪ್ ಇದ್ದೂ ಎರಡು ಥರ ಓಡುತ್ತಿದೆ ಅಂದರೆ ಸೆಟಪ್ ಎರಡು ಕಡೆಗೂ ಒಂದೇ ಇಲ್ಲ ಅಂತಲೇ ಅರ್ಥ.

ಮೊದಲು ಟ್ರಾನ್ಸ್‌ಮಿಟರ್. ಎಡಕ್ಕೂ ಬಲಕ್ಕೂ ಚಕ್ರ ಒಂದೇ ಕೋನಕ್ಕೆ ತಿರುಗುತ್ತಿದೆಯೇ? ಟ್ರಿಮ್ (ಸ್ಟಿಯರಿಂಗ್‌ನ ನಡುಸ್ಥಾನ ಸರಿಸುವ ಗುಂಡಿ) ಒತ್ತಿ ಒತ್ತಿ ಕಾರು ನೇರ ಓಡುವಂತೆ ಮಾಡಿದ್ದರೆ ಒಂದು ಕಡೆ ಲಾಕ್ (ಚಕ್ರ ತಿರುಗಬಲ್ಲ ಗರಿಷ್ಠ ಕೋನ) ಕಡಿಮೆಯಾಗಿರುತ್ತದೆ. ಟ್ರಿಮ್ ಸೊನ್ನೆಗೆ ತಂದು, ಸರ್ವೊ ಹಾರ್ನ್ ಸರಿಯಾದ ಹಲ್ಲಿಗೆ ಕೂರಿಸಿ, ಸ್ಟಿಯರಿಂಗ್ ಲಿಂಕ್‌ಗಳನ್ನು ಸಮ ಮಾಡಿ, ಆಮೇಲೆ ಎಂಡ್ ಪಾಯಿಂಟ್‌ಗಳನ್ನು (ಎರಡೂ ಕಡೆ ಸ್ಟಿಯರಿಂಗ್ ನಿಲ್ಲುವ ಕೊನೆಗಳನ್ನು) ಹೊಂದಿಸಿ.

ಅದು ಸರಿಯಿದ್ದರೆ ಟ್ವೀಕ್ ನೋಡಿ. ಷಾಸಿ ತಿರುಚಿಕೊಂಡು ಒಂದು ಮೂಲೆಯ ಟೈರ್ ಮೇಲೆ ಭಾರ ಜಾಸ್ತಿ, ಇನ್ನೊಂದರ ಮೇಲೆ ಕಡಿಮೆ ಬೀಳುವುದೇ ಟ್ವೀಕ್. ಕಾರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಹಿಂಭಾಗದ ಸರಿಯಾಗಿ ನಡುಮಧ್ಯದಲ್ಲಿ ಚೂಪಾದ ಸ್ಕ್ರೂಡ್ರೈವರ್ ಕೊಟ್ಟು ಮೆಲ್ಲಗೆ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಒಂದು ಮೊದಲು ಎದ್ದರೆ ಮುಂದಿನ ಭಾಗದಲ್ಲಿ ಹುಡುಕಿ, ಏಕೆಂದರೆ ಹಿಂದೆ ಎತ್ತಿದಾಗ ಕಾಣುವ ವ್ಯತ್ಯಾಸ ಹೆಚ್ಚಾಗಿ ಮುಂದಿನ ಎಡಬಲ ಸ್ಪ್ರಿಂಗ್‌ಗಳದ್ದು. ಮುಂಭಾಗ ಎತ್ತಿ ನೋಡಿದಾಗ ಇದರ ಉಲ್ಟಾ.

ಇದನ್ನು ಮಾಡುವ ಮೊದಲು ಆ್ಯಂಟಿ ರೋಲ್ ಬಾರ್‌ನ (ಎಡಬಲ ಆರ್ಮ್‌ಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳಿನ) ಲಿಂಕ್ ಬಿಚ್ಚಿಡಿ. ಬಾರ್ ಒಂದು ಕಡೆ ಎಳೆಯುತ್ತಿದ್ದರೆ ಟ್ವೀಕ್ ಥರವೇ ತೋರಿಸುತ್ತದೆ. ಬಿಚ್ಚಿದಾಗ ಸರಿಯಿದ್ದು ಸಿಕ್ಕಿಸಿದಾಗ ಕೆಟ್ಟರೆ ಲಿಂಕ್‌ಗಳ ಉದ್ದ ಸಮ ಇಲ್ಲ, ಅಷ್ಟೇ. ಬಾರ್ ಇಲ್ಲದೆಯೂ ವ್ಯತ್ಯಾಸ ಇದ್ದರೆ ಮೇಲಿನ ಡೆಕ್‌ನ ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಷಾಸಿಯನ್ನು ಗಾಜಿನ ಮೇಲೆ ಒತ್ತಿ ಹಿಡಿದು, ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅಪಘಾತ ಆದಮೇಲೆ ಬರುವ ಟ್ವೀಕ್ ಬಹುಪಾಲು ಇಷ್ಟಕ್ಕೇ ಹೋಗುತ್ತದೆ. ಬ್ಯಾಟರಿ ಟೇಪ್ ತೀರಾ ಬಿಗಿಯಾಗಿ ಎಳೆದು ಅಂಟಿಸಿದರೂ ತೆಳು ಕಾರ್ಬನ್ ಷಾಸಿ ಬಾಗಬಲ್ಲದು. ಇದು ನಂಬಲು ಕಷ್ಟ, ಆದರೆ ಟೂರಿಂಗ್ ಕಾರಿನಲ್ಲಿ (ಸಮತಟ್ಟು ಟ್ರ್ಯಾಕ್ ಮೇಲೆ ಓಡುವ ತಗ್ಗು ಕಾರು) ನಿಜ.

ಎಡಬಲ ತೂಕವೂ ನೋಡಬೇಕು. ಷಾಸಿಯ ನಡುಗೆರೆಯ ಮೇಲೆ ಮುಂದೊಂದು ಹಿಂದೊಂದು ಚೂಪು ಮೊನೆ ಕೊಟ್ಟು ಕಾರು ನಿಲ್ಲಿಸಿದರೆ ಯಾವ ಕಡೆ ವಾಲುತ್ತದೆ ಗೊತ್ತಾಗುತ್ತದೆ. ಹಗುರ ಇರುವ ಕಡೆ ಸ್ವಲ್ಪ ಸೀಸದ ತೂಕ ಅಂಟಿಸಿ.

ಟೈರ್

ಟೈರ್ ತಪ್ಪಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ಆ ದಿನ ಆ ಟ್ರ್ಯಾಕ್‌ನಲ್ಲಿ ವೇಗವಾಗಿ ಓಡುತ್ತಿರುವವರು ಯಾವ ಟೈರ್, ಯಾವ ಕಾಂಪೌಂಡ್ (ರಬ್ಬರ್ ಮೆದುವೋ ಗಟ್ಟಿಯೋ), ಯಾವ ಇನ್ಸರ್ಟ್ (ಟೈರ್ ಒಳಗಿನ ಸ್ಪಂಜು) ಹಾಕಿದ್ದಾರೆ ಕೇಳಿ ಅದನ್ನೇ ಹಾಕಿ. ಇದರಲ್ಲಿ ಸ್ವಂತಿಕೆ ತೋರಿಸಿ ಲಾಭವಿಲ್ಲ. ಬೇರೆ ಟೈರ್ ಹಾಕಿಕೊಂಡು ಅದನ್ನು ಸ್ಪ್ರಿಂಗ್‌ನಿಂದ ಸರಿಮಾಡುತ್ತೇನೆ ಅನ್ನುವುದು ತೂತು ಕೊಡದಲ್ಲಿ ನೀರು ತುಂಬಿದ ಹಾಗೆ.

ಟೈರ್‌ನ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಎಳೆದು ನೋಡಿ. ರಿಮ್‌ನಿಂದ ಅಂಟು ಬಿಟ್ಟಿದ್ದರೆ ನೇರ ಓಟದಲ್ಲಿ ಗೊತ್ತೇ ಆಗುವುದಿಲ್ಲ, ತಿರುವಿನಲ್ಲಿ ಭಾರ ಬಿದ್ದಾಗ ಟೈರ್ ಮಡಚಿ ಹಿಂಭಾಗ ಕಿತ್ತುಕೊಳ್ಳುತ್ತದೆ. ಒಳ ಅಂಚು ಕಣ್ಣಿಗೆ ಬೀಳದ ಕಾರಣ ಅದನ್ನೇ ಹೆಚ್ಚು ಜನ ಬಿಟ್ಟುಬಿಡುತ್ತಾರೆ. ಒಳಗಿನ ಇನ್ಸರ್ಟ್ ಹರಿದಿದ್ದರೆ ಅಥವಾ ನೀರು ಕುಡಿದಿದ್ದರೂ ಹೀಗೇ ಆಗುತ್ತದೆ. ಸ್ಪಂಜ್ ಟೈರ್ ಇದ್ದರೆ ಎಡಬಲ ವ್ಯಾಸ ಅಳೆಯಿರಿ, ವ್ಯತ್ಯಾಸ ಇದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ.

ಸವೆತ ನೋಡಿ ಕ್ಯಾಂಬರ್ ಸರಿಮಾಡಬಹುದು. ಒಳ ಅಂಚು ಮಾತ್ರ ಸವೆಯುತ್ತಿದ್ದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು) ಜಾಸ್ತಿಯಾಗಿದೆ, ಹೊರ ಅಂಚು ಸವೆಯುತ್ತಿದ್ದರೆ ಸಾಲದು. ಮೈನಸ್ 1ರಿಂದ ಮೈನಸ್ 2 ಡಿಗ್ರಿ ನಡುವೆ ಶುರುಮಾಡಿದರೆ ಹೆಚ್ಚಿನ ಕಾರುಗಳಿಗೆ ಹತ್ತಿರ ಇರುತ್ತದೆ.

ಇಷ್ಟೆಲ್ಲ ಆದಮೇಲೆ ಸೆಟಪ್

ಕಿಟ್ ಜೊತೆ ಬಂದ ಮೂಲ ಸೆಟಪ್‌ಗೆ ಕಾರನ್ನು ಹಿಂದಿರುಗಿಸಿ ಅಲ್ಲಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿ ಓಡಿಸಿ, ಮತ್ತೆ ಹಳೆಯದಕ್ಕೆ ತಂದು ಓಡಿಸಿ. ಹಳೆಯದಕ್ಕೆ ಹಿಂದಿರುಗಿದಾಗ ತೊಂದರೆಯೂ ಹಿಂದಿರುಗಿದರೆ ಮಾತ್ರ ಆ ಬದಲಾವಣೆ ಕೆಲಸ ಮಾಡಿದೆ ಅಂತ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಟ್ರ್ಯಾಕ್ ಬಿಸಿಯಾಗಿ ಗ್ರಿಪ್ ಬಂದದ್ದನ್ನು ನಿಮ್ಮ ಸ್ಪ್ರಿಂಗ್‌ನ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಇನ್ನೊಂದು ನಿಯಮಕ್ಕೆ ನಾನು ಅಂಟಿಕೊಂಡಿದ್ದೇನೆ. ದುರ್ಬಲವಾಗಿರುವ ತುದಿಗೆ ಗ್ರಿಪ್ ಸೇರಿಸಿ, ಚೆನ್ನಾಗಿರುವ ತುದಿಯಿಂದ ಕಿತ್ತುಕೊಳ್ಳಬೇಡಿ. ಪುಶ್ ಇದೆ ಅಂತ ಹಿಂದಿನ ಗ್ರಿಪ್ ಕಡಿಮೆ ಮಾಡಿದರೆ ಕಾರು ಸಮತೋಲಕ್ಕೆ ಬಂದ ಹಾಗೆ ಅನ್ನಿಸುತ್ತದೆ. ಆದರೆ ಈಗ ನಾಲ್ಕೂ ಟೈರ್ ಜಾರುತ್ತಿವೆ, ಲ್ಯಾಪ್ ಟೈಮ್ ನೋಡಿದರೆ ಗೊತ್ತಾಗುತ್ತದೆ. ಗ್ರಿಪ್ ವಿಪರೀತ ಇರುವ ಕಾರ್ಪೆಟ್‌ನಲ್ಲಿ ಮಾತ್ರ ಈ ನಿಯಮ ಉಲ್ಟಾ ಆಗುತ್ತದೆ.

ಒಳಗೆ ಹೋಗುವಾಗ ಪುಶ್: ಮುಂದಿನ ಟೋ ಔಟ್ (ಚಕ್ರಗಳ ಮುಂತುದಿ ಹೊರಕ್ಕೆ ತೆರೆದಿರುವ ಕೋನ) ಅರ್ಧ ಡಿಗ್ರಿಯಷ್ಟು ಹೆಚ್ಚಿಸಿ ನೋಡಿ. ಹಿಂದಿನ ಡ್ರೂಪ್ ಸ್ವಲ್ಪ ಜಾಸ್ತಿ ಮಾಡಿದರೆ ಥ್ರಾಟಲ್ ಬಿಟ್ಟಾಗ ಹಿಂಭಾಗ ಮೇಲೇಳುತ್ತದೆ, ಭಾರ ಮುಂದಿನ ಟೈರ್‌ಗಳಿಗೆ ಬರುತ್ತದೆ. ಫೋರ್ ವೀಲ್ ಡ್ರೈವ್ ಕಾರಾದರೆ ಮುಂದಿನ ಡಿಫ್‌ಗೆ ತೆಳು ಎಣ್ಣೆ. ಇದೆಲ್ಲಕ್ಕಿಂತ ಮೊದಲು ಒಂದು ಪುಕ್ಕಟೆ ಪರೀಕ್ಷೆ ಇದೆ: ಸ್ಟಿಯರಿಂಗ್ ಡ್ಯುಯಲ್ ರೇಟ್ (ಚಕ್ರ ಒಟ್ಟು ಎಷ್ಟು ತಿರುಗಬೇಕು ಎಂಬ ಟ್ರಾನ್ಸ್‌ಮಿಟರ್ ಸೆಟ್ಟಿಂಗ್) ಕಡಿಮೆ ಮಾಡಿ. ವಿಚಿತ್ರ ಅನ್ನಿಸಬಹುದು. ಚಕ್ರ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿದರೆ ಟೈರ್ ಉರುಳುವ ಬದಲು ಉಜ್ಜುತ್ತದೆ, ಅದೇ ಪುಶ್. ಸ್ಟಿಯರಿಂಗ್ ಕಡಿಮೆ ಮಾಡಿ ಕಾರು ಹೆಚ್ಚು ತಿರುಗಿದರೆ ದೋಷ ಅಲ್ಲೇ ಇತ್ತು.

ನಡುವೆ ಪುಶ್: ಇಲ್ಲಿ ಸ್ಪ್ರಿಂಗ್ ಮತ್ತು ಬಾರ್ ಮಾತಾಡುತ್ತವೆ. ಮುಂದೆ ಮೆತ್ತನೆಯ ಸ್ಪ್ರಿಂಗ್ ಅಥವಾ ತೆಳು ಬಾರ್. ಮುಂದಿನ ರೈಡ್ ಹೈಟ್ (ನೆಲದಿಂದ ಷಾಸಿಯ ಎತ್ತರ) ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಇಡುವುದೂ ಸಹಾಯ ಮಾಡುತ್ತದೆ. ಸ್ಪ್ರಿಂಗ್ ಮೇಲಿನ ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಅದು ರೈಡ್ ಹೈಟ್ ಬದಲಿಸುತ್ತದೆ ಅಷ್ಟೇ, ಗಟ್ಟಿ ಬೇಕಾದರೆ ಬೇರೆ ಸ್ಪ್ರಿಂಗ್ ಹಾಕಬೇಕು.

ಹೊರಬರುವಾಗ ಪುಶ್: ಭಾರ ಹಿಂದಕ್ಕೆ ಓಡಿ ಮುಂಭಾಗ ಹಗುರವಾಗುತ್ತಿದೆ. ಮುಂದಿನ ಡ್ರೂಪ್ ಕಡಿಮೆ ಮಾಡಿ, ಮೂತಿ ಅಷ್ಟು ಮೇಲೇಳುವುದಿಲ್ಲ. ಹಿಂದಿನ ಸ್ಪ್ರಿಂಗ್ ಒಂದು ಹಂತ ಗಟ್ಟಿ ಮಾಡಿದರೂ ಹಿಂಭಾಗ ಕೂರುವುದು ಕಡಿಮೆಯಾಗುತ್ತದೆ. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಡಿಫ್ ಎಣ್ಣೆ ದಪ್ಪ ಮಾಡಿದರೆ ಮುಂದಿನ ಚಕ್ರಗಳು ಕಾರನ್ನು ಎಳೆದುಕೊಂಡು ಹೊರಬರುತ್ತವೆ. ಮೇಲೆ ತೆಳು ಎಣ್ಣೆ ಅಂದೆ, ಇಲ್ಲಿ ದಪ್ಪ ಅನ್ನುತ್ತಿದ್ದೇನೆ. ಯಾವ ಹಂತ ಅಂತ ಮೊದಲೇ ಕೇಳಿದ್ದು ಇದಕ್ಕೇ.

ಒಳಗೆ ಹೋಗುವಾಗ ಲೂಸ್: ಮೊದಲು ಬ್ರೇಕ್. ಸ್ಪೀಡ್ ಕಂಟ್ರೋಲರ್‌ನ ಡ್ರ್ಯಾಗ್ ಬ್ರೇಕ್ (ಥ್ರಾಟಲ್ ಬಿಟ್ಟಾಗ ತಾನಾಗಿ ಹಿಡಿಯುವ ಬ್ರೇಕ್) ಇಳಿಸಿ ನೋಡಿ. ಟೂ ವೀಲ್ ಡ್ರೈವ್ ಕಾರಿನಲ್ಲಿ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರ ಮಾತ್ರ, ಭಾರ ಮುಂದಕ್ಕೆ ಹೋದ ಹೊತ್ತಿನಲ್ಲೇ ಅವನ್ನು ಹಿಡಿದರೆ ಜಾರದೆ ಇನ್ನೇನು? ಅದಾದ ಮೇಲೆ ಹಿಂದಿನ ಡ್ರೂಪ್ ಕಡಿಮೆ, ಮುಂದಿನ ಟೋ ಔಟ್ ಕಡಿಮೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಡಿಫ್ ಎಣ್ಣೆ ದಪ್ಪ.

ನಡುವೆ ಲೂಸ್: ಹಿಂದಿನ ಬಾರ್ ತೆಳುವಾಗಿಸಿ ಅಥವಾ ತೆಗೆದೇಬಿಡಿ, ಹಿಂದೆ ಮೆತ್ತನೆ ಸ್ಪ್ರಿಂಗ್, ಹಿಂದಿನ ಡಿಫ್‌ಗೆ ತೆಳು ಎಣ್ಣೆ. ಹಿಂದಿನ ಕ್ಯಾಂಬರ್ ಲಿಂಕ್‌ನ (ಚಕ್ರದ ಮೇಲ್ಭಾಗ ಹಿಡಿಯುವ ಕಡ್ಡಿಯ) ಒಳತುದಿಗೆ ಒಂದು ವಾಷರ್ ಹಾಕಿ ಎತ್ತರಿಸಿದರೆ ಹಿಂಭಾಗದ ರೋಲ್ ಸೆಂಟರ್ ಕೆಳಗಿಳಿದು ಕಾರು ಇನ್ನಷ್ಟು ವಾಲಿ ಹಿಡಿಯುತ್ತದೆ. ಜಾರುವ ಟ್ರ್ಯಾಕ್‌ನಲ್ಲಿ ಇದು ನನ್ನ ಅಚ್ಚುಮೆಚ್ಚಿನ ಬದಲಾವಣೆ, ಅಗ್ಗ ಮತ್ತು ನಯ.

ಹೊರಬರುವಾಗ ಲೂಸ್: ಹಿಂದಿನ ಟೋ ಇನ್ (ಚಕ್ರಗಳ ಮುಂತುದಿ ಒಳಕ್ಕೆ ಸೇರಿರುವ ಕೋನ) ಅರ್ಧ ಡಿಗ್ರಿ ಹೆಚ್ಚಿಸಿ. ಸಾಮಾನ್ಯವಾಗಿ 2ರಿಂದ 3.5 ಡಿಗ್ರಿ ಒಳಗೆ ಇರುತ್ತದೆ, ಅದಕ್ಕಿಂತ ಮೇಲೆ ಹೋದರೆ ನೇರ ಓಟದ ವೇಗಕ್ಕೆ ಪೆಟ್ಟು. ಬ್ಯಾಟರಿ ಹಿಂದಕ್ಕೆ ಸರಿಸಿ. ಉಬ್ಬುತಗ್ಗಿನ ಟ್ರ್ಯಾಕ್ ಆಗಿದ್ದರೆ ಆ್ಯಂಟಿ ಸ್ಕ್ವಾಟ್ (ಥ್ರಾಟಲ್ ಒತ್ತಿದಾಗ ಹಿಂಭಾಗ ಕೂರುವುದನ್ನು ತಡೆಯುವ ಆರ್ಮ್ ಕೋನ) ಕಡಿಮೆ ಮಾಡಿ. 1/8 ಅಳತೆಯ ಮಣ್ಣಿನ ಟ್ರ್ಯಾಕ್ ಬಗ್ಗಿ (buggy) ಕಾರಿನಂತೆ ಮೂರು ಡಿಫ್ ಇರುವ ಕಾರಿನಲ್ಲಿ ನಡುವಿನ ಡಿಫ್ ಎಣ್ಣೆ ತೆಳುವಾಗಿಸಿದರೆ, ಅಂದರೆ ದಪ್ಪದ ಸಂಖ್ಯೆ 7000 ಇದ್ದದ್ದನ್ನು 5000ಕ್ಕೆ ತಂದರೆ, ಹೆಚ್ಚಿನ ಶಕ್ತಿ ಮುಂದಕ್ಕೆ ಹರಿದು ಹಿಂಭಾಗ ಶಾಂತವಾಗುತ್ತದೆ. ಥ್ರಾಟಲ್ ಕರ್ವ್ ಅಥವಾ ಪಂಚ್ (ಮೋಟಾರ್ ಎಷ್ಟು ಜೋರಾಗಿ ಹೊರಡಬೇಕು ಎಂಬ ಸೆಟ್ಟಿಂಗ್) ಸ್ವಲ್ಪ ಮೆತ್ತಗೆ ಮಾಡಿ ನೋಡುವುದಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಕಾರು ಪಲ್ಟಿ ಹೊಡೆಯುತ್ತಿದ್ದರೆ

ಗ್ರಿಪ್ ಜಾಸ್ತಿಯಾಗಿ ಕಾರು ಜಾರುವ ಬದಲು ಎಡವಿಕೊಂಡು ಉರುಳುವುದು ಟ್ರ್ಯಾಕ್ಷನ್ ರೋಲ್. ಕಾರ್ಪೆಟ್‌ನಲ್ಲಿ ಜಾಸ್ತಿ. ಇಲ್ಲಿ ಗ್ರಿಪ್ ಸೇರಿಸುವುದಲ್ಲ, ಕಳೆಯುವುದು, ಅದೂ ಮುಂದಿನದ್ದು. ರೈಡ್ ಹೈಟ್ ಇಳಿಸಿ. 1/10 ಟೂರಿಂಗ್ ಕಾರು ಕಾರ್ಪೆಟ್ ಮೇಲೆ 5 ಮಿಲಿಮೀಟರ್ ಆಸುಪಾಸಿನಲ್ಲಿ ಓಡುತ್ತದೆ, ಆದರೆ ನಿಮ್ಮ ರೇಸ್‌ನಲ್ಲಿ ಕನಿಷ್ಠ ಎಷ್ಟಿರಬೇಕು ಎಂಬ ನಿಯಮ ಇರುತ್ತದೆ, ಅದನ್ನು ನೋಡಿಕೊಳ್ಳಿ. ಮುಂದೆ ಗಟ್ಟಿ ಸ್ಪ್ರಿಂಗ್, ದಪ್ಪ ಬಾರ್. ಟೈರ್‌ಗೆ ಅಡಿಟಿವ್ (ಗ್ರಿಪ್ ಹೆಚ್ಚಿಸುವ ದ್ರವ) ಹಚ್ಚುವ ಟ್ರ್ಯಾಕ್ ಆದರೆ ಮುಂದಿನ ಟೈರ್‌ನ ಒಳಗಿನ ಅರ್ಧಕ್ಕೆ ಮಾತ್ರ ಹಚ್ಚಿ. ಮುಂದಿನ ಟೈರ್‌ನ ಹೊರ ಪಕ್ಕಕ್ಕೆ ಸೂಪರ್ ಗ್ಲೂ ತೆಳುವಾಗಿ ಬಳಿದು ಒಣಗಿಸಿದರೆ ಟೈರ್ ಪಕ್ಕಕ್ಕೆ ಮಡಚಿದಾಗ ಆ ಭಾಗ ಹಿಡಿಯುವುದಿಲ್ಲ, ಕಾರು ಉರುಳುವ ಬದಲು ಜಾರುತ್ತದೆ. ಗ್ಲೂ ಹಚ್ಚುವಾಗ ಕನ್ನಡಕ ಹಾಕಿ, ಕಿಟಕಿ ತೆರೆದಿಡಿ.

ಮೊದಲು ಚೆನ್ನಾಗಿದ್ದು ಆಮೇಲೆ ಕೆಟ್ಟರೆ

ಇದು ಎಲ್ಲಕ್ಕಿಂತ ತಲೆ ತಿನ್ನುವ ದೋಷ. ಪಿಟ್ ಟೇಬಲ್‌ಗೆ ಬರುವಷ್ಟರಲ್ಲಿ ಕಾರು ತಣ್ಣಗಾಗಿ ಎಲ್ಲ ಸರಿಯಿರುವಂತೆ ಕಾಣುತ್ತದೆ. ಬಿಸಿಯಾದಾಗ ಟೈರ್ ತನ್ನ ಮಿತಿ ದಾಟಿ ಜಾರತೊಡಗಿರಬಹುದು. ಹಾಗಿದ್ದರೆ ಒಂದು ಹಂತ ಗಟ್ಟಿ ಕಾಂಪೌಂಡ್ ಬೇಕು. ಶಾಕ್ ಎಣ್ಣೆ ಬಿಸಿಗೆ ತೆಳ್ಳಗಾಗುತ್ತದೆ, ಬೆಳಿಗ್ಗೆ ತಂಪಿನಲ್ಲಿ ಹೊಂದಿಸಿದ್ದು ಮಧ್ಯಾಹ್ನಕ್ಕೆ ಸಾಲುವುದಿಲ್ಲ. ಎಣ್ಣೆ ಬದಲಿಸುವಾಗ ಒಂದೇ ಕಂಪನಿಯದ್ದನ್ನು ಇಟ್ಟುಕೊಳ್ಳಿ. ವೇಟ್ ಅಂತ ಬರೆದ ಸಂಖ್ಯೆ ಎರಡು ಕಂಪನಿಗಳಲ್ಲಿ ಒಂದೇ ದಪ್ಪ ಆಗಬೇಕಿಲ್ಲ, ಸೆಂಟಿಸ್ಟೋಕ್ಸ್‌ನಲ್ಲಿ (ಎಣ್ಣೆಯ ದಪ್ಪ ಅಳೆಯುವ ಮಾನ) ಬರೆದದ್ದು ಹೋಲಿಸಲು ವಾಸಿ. ಬಾಲ್ ಡಿಫ್ ಓಡುತ್ತಾ ಸಡಿಲಗೊಂಡು ಜಾರುತ್ತಿರಬಹುದು. ಸರ್ವೊ ಬಿಸಿಯಾಗಿ ನಿಧಾನವಾದರೆ ಕೊನೆಯ ನಿಮಿಷಗಳಲ್ಲಿ ಪುಶ್ ಬಂದ ಹಾಗೆ ಅನ್ನಿಸುತ್ತದೆ.

ಹಾಗಾಗಿ ಇಂಥ ದೋಷ ಇದ್ದಾಗ ರೇಸ್ ಮುಗಿದ ಕೂಡಲೇ, ಮಾತಿಗೆ ನಿಲ್ಲದೆ, ಕಾರು ಎತ್ತಿಕೊಂಡು ಬಿಸಿಯಿರುವಾಗಲೇ ಮೇಲಿನ ಪರೀಕ್ಷೆಗಳನ್ನು ಮಾಡಿ: ಶಾಕ್ ಒತ್ತಿ ನೋಡಿ, ಡಿಫ್ ತಿರುಗಿಸಿ, ಸರ್ವೊ ಮುಟ್ಟಿ, ಸ್ಟಿಯರಿಂಗ್ ಎಷ್ಟು ಚುರುಕಾಗಿ ತಿರುಗುತ್ತದೆ ನೋಡಿ. ಮೋಟಾರ್ ಮಾತ್ರ ಬೆರಳಿನಿಂದ ಮುಟ್ಟಬೇಡಿ, ಥರ್ಮಾಮೀಟರ್ ಹಿಡಿಯಿರಿ. ಅರ್ಧ ಗಂಟೆ ಬಿಟ್ಟು ತಣ್ಣಗಾದ ಮೇಲೆ ಅದೇ ಪರೀಕ್ಷೆಗಳನ್ನು ಇನ್ನೊಮ್ಮೆ ಮಾಡಿ. ಬಿಸಿಗೂ ತಂಪಿಗೂ ಎದ್ದು ಕಾಣುವ ವ್ಯತ್ಯಾಸ ತೋರಿಸಿದ ಭಾಗವನ್ನೇ ಮೊದಲು ಬಿಚ್ಚಿ.